ಹೆಸರು ಗೊತ್ತಿಲ್ಲದ ಮರ, ಬಾಯಲ್ಲಿ ನೀರೂರಿಸುವ ಹಣ್ಣು: ತಿನ್ನಬಹುದೇ ಎಂದು ತಿಳಿಯುವ ಬಗೆ

ಮರದ ತುಂಬ ಹಣ್ಣು ಜೋತಾಡುತ್ತಿದೆ, ಹೆಸರು ಗೊತ್ತಿಲ್ಲ. ಇಲ್ಲಿ ಬಿಡಿಸಬೇಕಾದ ಪ್ರಶ್ನೆಗಳು ಎರಡು. ಇದು ಯಾವ ಮರ ಎಂಬುದು ಮೊದಲನೆಯದು. ಇದರ ಯಾವ ಭಾಗವನ್ನು ಯಾವ ಹದದಲ್ಲಿ ತಿನ್ನಬಹುದು ಎಂಬುದು ಎರಡನೆಯದು. ಹೆಚ್ಚಿನವರು ಮೊದಲನೆಯದನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹಾರುತ್ತಾರೆ. ಹಣ್ಣಿನ ಬಣ್ಣ, ವಾಸನೆ, ರುಚಿ ನೋಡಿ ತೀರ್ಮಾನ ಮಾಡಲು ಹೊರಡುತ್ತಾರೆ. ತಿನ್ನಬಹುದೋ ಬಾರದೋ ಎಂಬುದನ್ನು ಹಣ್ಣು ಹೇಳುವುದಿಲ್ಲ. ಮರದ ಸರಿಯಾದ ಹೆಸರು ಸಿಕ್ಕ ಮೇಲಷ್ಟೇ ಅದನ್ನು ಹುಡುಕಿ ತಿಳಿಯಬಹುದು. ಅದಕ್ಕೇ ಈ ಲೇಖನದ ಬಹುಪಾಲು ಹಣ್ಣಿಗಿಂತ ಎಲೆ, ರೆಂಬೆ, ಹಾಲು, ಬೀಜಗಳ ಬಗ್ಗೆಯೇ ಇದೆ.

ಮೊದಲು ಕೆಲವು ನಂಬಿಕೆಗಳನ್ನು ಬದಿಗಿಡಿ

"ಸಿಹಿಯಾಗಿದ್ದರೆ ವಿಷವಲ್ಲ" ಎಂಬುದು ಸುಳ್ಳು. ಕೆರಿಬಿಯನ್ ದ್ವೀಪಗಳು, ಫ್ಲೋರಿಡಾ ಮತ್ತು ಮಧ್ಯ ಅಮೆರಿಕದ ಕಡಲತೀರಗಳಲ್ಲಿ ಬೆಳೆಯುವ ಮ್ಯಾಂಚಿನೀಲ್ ಮರದ ಹಣ್ಣು ಪುಟ್ಟ ಹಸಿರು ಸೇಬಿನಂತಿರುತ್ತದೆ, ಒಳ್ಳೆಯ ಪರಿಮಳವೂ ಇದೆ. ಕಚ್ಚಿದಾಗ ಮೊದಲು ಸಿಹಿ, ಸ್ವಲ್ಪ ಹೊತ್ತಿಗೆ ಬಾಯಿ ಉರಿ, ಆಮೇಲೆ ಗಂಟಲು ಊದಿಕೊಂಡು ನುಂಗಲಾಗದ ಸ್ಥಿತಿ. ಮಳೆ ಬರುವಾಗ ಆ ಮರದ ಕೆಳಗೆ ನಿಂತರೆ ತೊಟ್ಟಿಕ್ಕುವ ನೀರಿನಿಂದಲೇ ಮೈಮೇಲೆ ಬೊಬ್ಬೆ ಏಳುತ್ತದೆ.

"ಹಕ್ಕಿ, ಮಂಗ ತಿಂದರೆ ನಾವೂ ತಿನ್ನಬಹುದು" ಎಂಬುದೂ ಅಷ್ಟೇ. ತಂಪು ಪ್ರದೇಶಗಳ ಯೂ ಎಂಬ ಮರದ ಕೆಂಪು ಹಣ್ಣನ್ನು ಹಕ್ಕಿಗಳು ಬೀಜಸಮೇತ ನುಂಗುತ್ತವೆ. ಬೀಜ ಒಡೆಯದೆ ಹಾಗೆಯೇ ಹೊರಬೀಳುವುದರಿಂದ ಅವಕ್ಕೆ ಏನೂ ಆಗುವುದಿಲ್ಲ. ಅದೇ ಬೀಜವನ್ನು ಮನುಷ್ಯರು ಅಗಿದರೆ ಹೃದಯದ ಬಡಿತವೇ ತಪ್ಪುತ್ತದೆ. ಬೆಲ್ಲಡೋನಾ ಗಿಡದ ಅಟ್ರೋಪಿನ್ ವಿಷವನ್ನು ಒಡೆಯುವ ಕಿಣ್ವ ಕೆಲವು ಮೊಲಗಳಲ್ಲಿದೆ, ನಮ್ಮಲ್ಲಿಲ್ಲ.

ಇನ್ನು ಕಾಡಿನಲ್ಲಿ ಬದುಕುಳಿಯುವ ತರಬೇತಿಯಲ್ಲಿ ಹೇಳಿಕೊಡುವ ಒಂದು ವಿಧಾನವಿದೆ: ಚರ್ಮಕ್ಕೆ ಉಜ್ಜಿ, ತುಟಿಗೆ ತಾಗಿಸಿ, ನಾಲಿಗೆಯ ಮೇಲಿಟ್ಟು, ಪ್ರತಿ ಸಲವೂ ಕಾದು ನೋಡುವುದು. ಇದನ್ನು ಮಾಡಬೇಡಿ. ತುರಿಕೆ, ಉರಿ ತರುವ ಸೊನೆಯನ್ನು ಮಾತ್ರ ಅದು ಹಿಡಿದೀತು. ಹೃದಯದ ಮೇಲೆ ಕೆಲಸ ಮಾಡುವ, ರಕ್ತದ ಸಕ್ಕರೆ ಇಳಿಸುವ ವಿಷಗಳು ನಾಲಿಗೆಗೆ ಸುಳಿವು ಕೊಡದೇ ಇರಬಹುದು, ಪರಿಣಾಮ ಕಾಣಲು ಹಲವು ಗಂಟೆ ಹಿಡಿಯಬಹುದು.

ಹಂತ 1: ಹಣ್ಣು ಇದೇ ಮರದ್ದೇ?

ಇದು ಬಾಲಿಶ ಪ್ರಶ್ನೆ ಎನಿಸಬಹುದು. ಆದರೆ ಗುರುತಿಸುವಿಕೆ ಹಳಿ ತಪ್ಪುವುದಕ್ಕೆ ಇದೂ ಒಂದು ದೊಡ್ಡ ಕಾರಣ. ನೆಲದ ಮೇಲೆ ಬಿದ್ದ ಹಣ್ಣು ಪಕ್ಕದ ಮರದ್ದಾಗಿರಬಹುದು, ಬಾವಲಿ ತಂದು ಹಾಕಿದ್ದಾಗಿರಬಹುದು. ಮೇಲೆ ಕಾಣುವ ಹಣ್ಣು ಮರಕ್ಕೆ ಹಬ್ಬಿದ ಬಳ್ಳಿಯದ್ದೋ ಕೊಂಬೆಗೆ ಅಂಟಿ ಬೆಳೆದ ಬದನಿಕೆಯದ್ದೋ ಇರಬಹುದು. ಹಣ್ಣಿನ ತೊಟ್ಟಿನಿಂದ ಹೊರಟು ಕಿರುಕೊಂಬೆ, ರೆಂಬೆ, ಕಾಂಡದವರೆಗೆ ಕಣ್ಣಿನಲ್ಲೇ ಹಿಂಬಾಲಿಸಿ. ದೂರವಿದ್ದರೆ ಫೋನಿನ ಕ್ಯಾಮೆರಾ ಜೂಮ್ ಮಾಡಿ. ಕಸಿ ಮಾಡಿದ ಮರವಾದರೆ ಬುಡದಿಂದ ಚಿಗುರಿದ ಕೊಂಬೆಯ ಎಲೆ ನಂಬಬೇಡಿ. ಕಸಿಗಂಟಿನ ಕೆಳಗಿನದು ಬೇರೆಯೇ ಗಿಡ.

ಹಂತ 2: ಫೋಟೊ ಮತ್ತು ಟಿಪ್ಪಣಿ

ಹಣ್ಣಿನ ಒಂದೇ ಒಂದು ಫೋಟೊ ಕಳಿಸಿ "ಇದೇನು?" ಎಂದು ಕೇಳಿದರೆ ಎಂಥ ಸಸ್ಯತಜ್ಞರೂ ಖಚಿತವಾಗಿ ಹೇಳಲಾರರು. ತೆಗೆಯಬೇಕಾದವು ಇವು: ಇಡೀ ಮರ (ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಎತ್ತರ ಅಂದಾಜಿಗೆ ಸಿಗುತ್ತದೆ); ಕಾಂಡದ ತೊಗಟೆ; ನಾಲ್ಕೈದು ಎಲೆಗಳು ರೆಂಬೆಗೆ ಕೂಡಿರುವ ಭಾಗ; ಎಲೆಯ ಮೇಲ್ಮೈ ಮತ್ತು ಅಡಿಮೈ; ತೊಟ್ಟಿನ ಬುಡ ಮತ್ತು ತುದಿ ಹತ್ತಿರದಿಂದ; ಹೂ ಇದ್ದರೆ ಮುಂದಿನಿಂದಲೂ ಪಕ್ಕದಿಂದಲೂ; ಇಡೀ ಹಣ್ಣು; ಅಡ್ಡ ಕೊಯ್ದ ಹಣ್ಣು, ಉದ್ದ ಸೀಳಿದ ಹಣ್ಣು; ತೊಳೆದ ಬೀಜ. ಹಣ್ಣು, ಎಲೆ, ಬೀಜದ ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಅಳತೆಯಿಲ್ಲದ ಚಿತ್ರದಲ್ಲಿ 1 ಸೆಂ.ಮೀ. ಹಣ್ಣಿಗೂ 6 ಸೆಂ.ಮೀ. ಹಣ್ಣಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಜೊತೆಗೆ ದಿನಾಂಕ, ಜಾಗ, ಮರ ತಾನಾಗಿ ಬೆಳೆದದ್ದೋ ನೆಟ್ಟದ್ದೋ, ಎಲೆ ಉದುರಿಸಿದೆಯೋ ಇಲ್ಲವೋ ಬರೆದಿಟ್ಟುಕೊಳ್ಳಿ. ಎಲೆಯನ್ನು ಒಂದೇ ಕೊಂಬೆಯಿಂದ ಆರಿಸಬೇಡಿ. ಹಿಪ್ಪುನೇರಳೆಯಲ್ಲಿ ಒಂದೇ ಮರದಲ್ಲಿ ಇಡಿಯಾದ ಎಲೆಯೂ ಆಳವಾಗಿ ಸೀಳಿದ ಎಲೆಯೂ ಸಿಗುತ್ತದೆ. ಹಲಸಿನ ಎಳೆ ಸಸಿಯ ಎಲೆ ಸೀಳಾಗಿದ್ದು, ಬೆಳೆದ ಮರದಲ್ಲಿ ಇಡಿಯಾಗುತ್ತದೆ.

ಹಂತ 3: ಎಲೆ ಮತ್ತು ರೆಂಬೆ

ಮೊದಲ ಕೆಲಸ, ಎಲೆ ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತುಮಾಡಿಕೊಳ್ಳುವುದು. ನಿಜವಾದ ಎಲೆಯ ತೊಟ್ಟು ರೆಂಬೆಗೆ ಸೇರುವ ಸಂದಿಯಲ್ಲಿ ಪುಟ್ಟ ಮೊಗ್ಗು ಇರುತ್ತದೆ. ಒಂದು ಎಲೆಯ ಭಾಗವಷ್ಟೇ ಆದ ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಮೊಗ್ಗು ಸಿಗುವವರೆಗೆ ತೊಟ್ಟನ್ನು ಹಿಂದಕ್ಕೆ ಹಿಂಬಾಲಿಸಿದರೆ, ಮುಂದಿರುವುದು ಒಂದೇ ಸರಳ ಎಲೆಯೋ ಹಲವು ಕಿರುಎಲೆಗಳ ಸಂಯುಕ್ತ ಎಲೆಯೋ ತಿಳಿಯುತ್ತದೆ. ಇದರಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಬೇವು ಮತ್ತು ಅದರ ನಂಟ ಮೀಲಿಯಾ ಅಜೆಡರಾಕ್ ಇದಕ್ಕೆ ಒಳ್ಳೆಯ ಉದಾಹರಣೆ. ಬೇವಿನ ಎಲೆಯಲ್ಲಿ ನಡುದಿಂಡಿನ ಎರಡೂ ಬದಿಗೆ ಕಿರುಎಲೆಗಳು ನೇರವಾಗಿ ಕೂತಿರುತ್ತವೆ. ಮೀಲಿಯಾದಲ್ಲಿ ನಡುದಿಂಡು ಮತ್ತೆ ಕವಲೊಡೆದು, ಆ ಕವಲುಗಳ ಮೇಲೆ ಕಿರುಎಲೆಗಳಿರುತ್ತವೆ. ಎಲೆ ಉದುರಿದ ಮೇಲೂ ಗೊಂಚಲು ಗೊಂಚಲಾಗಿ ಉಳಿಯುವ ಅದರ ದುಂಡನೆಯ ಹಳದಿ ಹಣ್ಣು ವಿಷಕಾರಿ.

ಮುಂದೆ, ಎಲೆಗಳ ಜೋಡಣೆ. ಒಂದು ಗಿಣ್ಣಿನಲ್ಲಿ ಎರಡು ಎಲೆ ಎದುರುಬದುರು ಇವೆಯೇ, ಒಂದಾದ ಮೇಲೊಂದು ಪರ್ಯಾಯವಾಗಿವೆಯೇ? ರೆಂಬೆಯ ತುದಿಯಲ್ಲಿ ಒತ್ತೊತ್ತಾಗಿದ್ದರೆ ಸುತ್ತುಸುತ್ತಾಗಿ ಏರಿವೆಯೇ ನೋಡಿ. ತುದಿಯಲ್ಲಿ ಗೊಂದಲವಾದರೆ ಸ್ವಲ್ಪ ಹಿಂದಿನ ಭಾಗದ, ಎಲೆ ಉದುರಿದ ಗುರುತುಗಳನ್ನು ನೋಡಿ, ಅಲ್ಲಿ ಸ್ಪಷ್ಟ.

ನಂತರ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಚುಚ್ಚಿದಂಥ ಪಾರದರ್ಶಕ ಚುಕ್ಕೆಗಳು ಕಂಡರೆ ಅವು ಎಣ್ಣೆಗ್ರಂಥಿಗಳು. ನಿಂಬೆ–ಕಿತ್ತಳೆ ಕುಟುಂಬ, ನೇರಳೆ–ಪೇರಲೆ ಕುಟುಂಬ ಎರಡರಲ್ಲೂ ಇವು ಸಾಮಾನ್ಯ. ಬೇರ್ಪಡಿಸುವುದು ಸುಲಭ: ನೇರಳೆ, ಪೇರಲೆಯಲ್ಲಿ ಎಲೆ ಎದುರುಬದುರು, ನೇರಳೆಯಲ್ಲಂತೂ ಅಂಚಿಗೆ ಸಮಾನಾಂತರವಾಗಿ ಒಂದು ತೆಳು ನರ ಎಲೆಯ ಸುತ್ತ ಓಡುತ್ತದೆ. ನಿಂಬೆ, ಕಿತ್ತಳೆಯಲ್ಲಿ ಎಲೆ ಪರ್ಯಾಯ. ತೊಟ್ಟಿಗೂ ಎಲೆಗೂ ನಡುವೆ ಒಂದು ಕೀಲು, ತೊಟ್ಟಿಗೆ ಹಲವು ಬಗೆಗಳಲ್ಲಿ ಸಣ್ಣ ರೆಕ್ಕೆ.

ತೊಟ್ಟಿನ ತುದಿಯಲ್ಲಿ, ಎಲೆ ಶುರುವಾಗುವ ಕಡೆ, ಎರಡು ಪುಟ್ಟ ಗುಬುಟುಗಳಿದ್ದರೆ ಚೆರ್ರಿ–ಪೀಚ್ ಗುಂಪನ್ನು ನೆನಪಿಸಿಕೊಳ್ಳಿ. ರೆಂಬೆಯ ಪ್ರತಿ ಗಿಣ್ಣಿನಲ್ಲೂ ಉಂಗುರದಂಥ ಗೆರೆ ಇದ್ದು, ಮುರಿದರೆ ಹಾಲು ಬಂದರೆ ಅತ್ತಿ, ಆಲ, ಹಲಸುಗಳ ಬಳಗ ಎನ್ನಲು ಬಲವಾದ ಆಧಾರ ಸಿಕ್ಕಿತು.

ಹಂತ 4: ಹಾಲು ಮತ್ತು ಸೊನೆ

ಕೈಗವಸು ಹಾಕಿಕೊಂಡು ಒಂದು ಎಲೆಯ ತೊಟ್ಟು ಮುರಿಯಿರಿ. ಕಣ್ಣಿಗೆ ಸಿಡಿಯದಂತೆ ತುಸು ದೂರ ಹಿಡಿಯಿರಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಬಿಳಿ ಹಾಲು ಬಂದ ಮಾತ್ರಕ್ಕೆ ಹಣ್ಣು ವಿಷವೆಂದಲ್ಲ: ಹಲಸು, ಅಂಜೂರ, ಸಪೋಟ ಎಲ್ಲಕ್ಕೂ ಹಾಲಿದೆ. ಆದರೆ ಹಾಲು ಬಂದ ಕೂಡಲೇ ಎಚ್ಚರದ ಮಟ್ಟ ಏರಿಸಬೇಕು. ಏಕೆಂದರೆ ಕಣಗಿಲೆ ಕುಟುಂಬ, ಹರಳು ಕುಟುಂಬ ಎರಡೂ ಹಾಲಿನವೇ, ಕಡು ವಿಷದ ಸಸ್ಯಗಳು ಎರಡರಲ್ಲೂ ಹೇರಳ. ಹಾಲಿನ ಮರದಲ್ಲಿ ಗಿಣ್ಣಿನ ಉಂಗುರವೂ ಇಲ್ಲ, ಸಪೋಟದಂತೆ ಹೊಳೆಯುವ ಕಂದು ಬೀಜದ ಮೇಲೆ ಮಾಸಲು ಗಾಯದ ಗುರುತೂ ಇಲ್ಲ ಎಂದಾದರೆ, ಹೆಸರು ಖಚಿತವಾಗುವವರೆಗೆ ಅದನ್ನು ವಿಷವೆಂದೇ ತಿಳಿದು ನಡೆಯಿರಿ. ಮೂರು ಹೋಳಾಗಿ ಸಿಡಿಯುವ ಕಾಯಿ ಹರಳು ಕುಟುಂಬದ ಕಡೆಗೆ ಕೈತೋರುತ್ತದೆ. ಆ ಕುಟುಂಬದ ಜಟ್ರೋಫಾದ ಬೀಜ ಬಾಯಿಗೆ ರುಚಿ. ಮಕ್ಕಳು ಅದನ್ನು ತಿಂದು ವಾಂತಿಭೇದಿಯಿಂದ ಆಸ್ಪತ್ರೆ ಸೇರುವುದು ಆ ರುಚಿಯ ದೆಸೆಯಿಂದಲೇ.

ಮಾವು–ಗೋಡಂಬಿ ಕುಟುಂಬಕ್ಕೆ ಇನ್ನೊಂದು ಪರೀಕ್ಷೆ. ಬಿಳಿ ಕಾಗದದ ಮಡಿಕೆಯೊಳಗೆ ಎಲೆ ಇಟ್ಟು, ಕಲ್ಲಿನಿಂದ ಜಜ್ಜಿ, ಎಲೆ ತೆಗೆದು ಹಾಕಿ. ಕಾಗದದ ಮೇಲಿನ ಕಲೆ ಹತ್ತು ನಿಮಿಷದಲ್ಲಿ ಕಂದಾಗಿ ಮರುದಿನಕ್ಕೆ ಕಪ್ಪಾದರೆ ಚರ್ಮ ಸುಡುವ ಸೊನೆಯ ಶಂಕೆ ಬಲವಾಗುತ್ತದೆ. ಆ ಮರದ ಹಣ್ಣು ತಿನ್ನುವಂಥದ್ದೇ ಆಗಿದ್ದರೂ ಸಿಪ್ಪೆ, ಬೀಜದ ಚಿಪ್ಪು, ಹೊಗೆ ಮೂರೂ ಅಪಾಯ. ಗೋಡಂಬಿಯ ಹಣ್ಣಿಗೂ ಅದರ ಬೀಜದ ಹಸಿ ಚಿಪ್ಪಿಗೂ ಇರುವ ವ್ಯತ್ಯಾಸ ಇದೇ: ಒಂದು ತಿನ್ನುವ ವಸ್ತು, ಇನ್ನೊಂದು ಬೊಬ್ಬೆ ಎಬ್ಬಿಸುವ ಎಣ್ಣೆ.

ಹಂತ 5: ಹಣ್ಣನ್ನು ಕೊಯ್ದು ನೋಡಿ

ಎರಡು ಹಣ್ಣು ಬೇಕು. ಒಂದನ್ನು ಅಡ್ಡಕ್ಕೆ, ಒಂದನ್ನು ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಕೊಯ್ಯಿರಿ. ಈ ಚಾಕುವನ್ನು ಅಡುಗೆಗೆ ಬಳಸಬೇಡಿ.

ಕೊಯ್ಯುವ ಮುನ್ನ ಹೂವಿನ ಹಸಿರು ಎಸಳುಗಳ ಅವಶೇಷ ಎಲ್ಲಿದೆ ನೋಡಿ. ಪೇರಲೆ, ದಾಳಿಂಬೆ, ನೇರಳೆ, ಸೇಬುಗಳಲ್ಲಿ ಅದು ತೊಟ್ಟಿನ ವಿರುದ್ಧ ತುದಿಯಲ್ಲಿ ಕಿರೀಟದಂತೆಯೋ ಗುಳಿಯಂತೆಯೋ ಇರುತ್ತದೆ. ಸಪೋಟ, ಮ್ಯಾಂಗೋಸ್ಟೀನ್, ಪರ್ಸಿಮನ್, ಬದನೆ ಬಳಗದಲ್ಲಿ ತೊಟ್ಟಿನ ಕಡೆಗೇ ಟೋಪಿಯಂತೆ ಕೂತಿರುತ್ತದೆ. ಈ ಒಂದು ಗುರುತು ಸಾಧ್ಯತೆಗಳ ಪಟ್ಟಿಯನ್ನು ಒಮ್ಮೆಲೇ ಕತ್ತರಿಸಿಬಿಡುತ್ತದೆ. ಅಷ್ಟಾದರೂ ಫೋಟೊಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವುದೂ ಇದೇ.

ಒಳಗೆ ನೋಡಬೇಕಾದ್ದು: ಗಟ್ಟಿ ಓಟೆ ಒಂದೇ ಇದೆಯೇ, ಹಲವು ಬೀಜಗಳು ತಿರುಳಲ್ಲಿ ಹುದುಗಿವೆಯೇ, ತೊಳೆಗಳಿವೆಯೇ, ಐದು ಮೂಲೆಯ ನಕ್ಷತ್ರದಂಥ ಬೀಜಗೂಡು ಇದೆಯೇ? ಬೀಜದ ಆಕಾರ, ಬಣ್ಣ, ರೋಮ, ಹೊಳಪು ಹೇಗಿದೆ? ತಿರುಳನ್ನು ನೀರಿನಲ್ಲಿ ಕಿವುಚಿದರೆ ದಟ್ಟ ನೊರೆ ಬರುತ್ತದೆಯೇ? ಬಂದರೆ ಅಂಟುವಾಳದಲ್ಲಿರುವಂಥ, ಸಪೋನಿನ್ ಎಂಬ ನೊರೆ ಬರಿಸುವ ಪದಾರ್ಥ ಇರಬಹುದು.

ಕಿತ್ತಳೆಯಂತೆ ಕಂಡ ಹಣ್ಣು, ಮಾವಿನಂತೆ ಕಂಡ ಕಾಯಿ

ಇಷ್ಟೂ ಹಂತಗಳು ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ದುಂಡನೆಯ, ಕಿತ್ತಳೆ ಗಾತ್ರದ ಹಣ್ಣು ಬಿಟ್ಟ ನಾಲ್ಕು ಮರಗಳನ್ನು ಪಕ್ಕಪಕ್ಕ ಇಡೋಣ. ಕಿತ್ತಳೆ: ಚುಕ್ಕೆಯ ಎಲೆ, ಕೀಲಿರುವ ತೊಟ್ಟು, ಒಳಗೆ ರಸದ ತೊಳೆ. ಬಿಲ್ವ: ಮೂರು ಕಿರುಎಲೆ, ಮುಳ್ಳು, ಮರದಷ್ಟು ಗಟ್ಟಿ ಚಿಪ್ಪು, ಒಳಗೆ ಅಂಟುಲೋಳೆಯಲ್ಲಿ ಕೂತ ರೋಮದ ಬೀಜ. ಬೇಲ: ಐದರಿಂದ ಏಳು ಕಿರುಎಲೆ, ಅವುಗಳ ದಿಂಡಿಗೆ ಕಿರಿದಾದ ರೆಕ್ಕೆ, ಬೂದುಬಿಳಿ ಒರಟು ಚಿಪ್ಪು, ಕಂದು ತಿರುಳು. ಈ ಮೂರೂ ಒಂದೇ ಕುಟುಂಬ, ಮೂರರ ಎಲೆಯನ್ನೂ ಹಿಸುಕಿದರೆ ಘಾಟು ಪರಿಮಳ.

ನಾಲ್ಕನೆಯದು ಕಾಸರಕ. ನಯವಾದ ಕಿತ್ತಳೆ ಬಣ್ಣದ ಹಣ್ಣು, ದೂರದಿಂದ ಮೋಸ ಮಾಡುವಂಥದ್ದು. ಆದರೆ ಎಲೆಗಳು ಎದುರುಬದುರು, ಸರಳ, ಹೊಳಪು. ಎಲೆಯ ಬುಡದಿಂದಲೇ ಮೂರರಿಂದ ಐದು ಮುಖ್ಯ ನರಗಳು ಹೊರಟು ತುದಿಯತ್ತ ಬಾಗುತ್ತವೆ. ಚುಕ್ಕೆಯಿಲ್ಲ, ನಿಂಬೆಯ ವಾಸನೆಯಿಲ್ಲ. ಕೊಯ್ದರೆ ತೊಳೆಯಿಲ್ಲ, ಲೋಳೆಯಂಥ ಬೆಳ್ಳನೆಯ ತಿರುಳಿನಲ್ಲಿ ಗುಂಡಿಯಂತೆ ಚಪ್ಪಟೆಯಾದ, ರೇಷ್ಮೆರೋಮದ ಬೂದು ಬೀಜಗಳು. ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳು ಆ ಬೀಜಗಳಲ್ಲಿ ಹೇರಳ. ಹಣ್ಣು ಕೊಯ್ಯುವ ಮೊದಲೇ, ಎಲೆಯೊಂದರಿಂದಲೇ ಇದು ಕಿತ್ತಳೆಯಲ್ಲ ಎಂದು ಹೇಳಿಬಿಡಬಹುದಿತ್ತು ಎಂಬುದನ್ನು ಗಮನಿಸಿ.

ಇದಕ್ಕಿಂತ ಕಷ್ಟದ ಜೋಡಿ ಮಾವು ಮತ್ತು ಸೆರ್ಬೆರಾ ಒಡೊಲಮ್ ಎಂಬ ವಿಷದ ಮರ. ಎರಡರಲ್ಲೂ ನೀಳವಾದ ಎಲೆಗಳು ರೆಂಬೆಯ ತುದಿಯಲ್ಲಿ ಸುತ್ತುಸುತ್ತಾಗಿ ಒತ್ತಿಕೊಂಡಿರುತ್ತವೆ, ಎರಡರದ್ದೂ ಹಸಿರು ಕಾಯಿ, ಎರಡರಲ್ಲೂ ನಾರು. ಇಲ್ಲಿ ಕೈಹಿಡಿಯುವುದು ಹಾಲು ಮತ್ತು ಹೂ. ಸೆರ್ಬೆರಾದ ಎಲೆ ಮುರಿದರೆ ಬಿಳಿ ಹಾಲು ಧಾರಾಳ. ಹೂ ದೊಡ್ಡದು, ಬಿಳಿ, ಐದು ಎಸಳು, ನಡುವೆ ಹಳದಿ. ಮಾವಿನ ಎಲೆ ಹಿಸುಕಿದರೆ ಸೊನೆಯ ಘಾಟು. ಹೂ ಅಕ್ಕಿಕಾಳಿನಷ್ಟು, ದೊಡ್ಡ ಗೊಂಚಲಿನಲ್ಲಿ. ಸೆರ್ಬೆರಾದ ತಿರುಳಿನೊಳಗಿನ ಬೀಜ ಹೃದಯ ನಿಲ್ಲಿಸುವಂಥದ್ದು. ಕಡಲತೀರದ ಜೌಗಿನಲ್ಲಿ "ಕಾಡುಮಾವು" ಕಂಡರೆ ಮೊದಲು ಎಲೆ ಮುರಿಯಿರಿ.

ಹಂತ 6: ಹೆಸರು ಹಚ್ಚುವುದು

ಈಗ ಆ್ಯಪ್‌ಗಳ ಸರದಿ. ಪ್ಲಾಂಟ್‌ನೆಟ್‌ನಲ್ಲಿ ಎಲೆ, ಹೂ, ಹಣ್ಣು, ತೊಗಟೆ ಎಂದು ಪ್ರತಿ ಚಿತ್ರಕ್ಕೂ ಗುರುತು ಹಾಕಬಹುದು. ಒಂದೇ ಮರದ ಹಲವು ಭಾಗಗಳನ್ನು ಒಟ್ಟಿಗೆ ಕೊಟ್ಟರೆ ಫಲಿತಾಂಶ ಸುಧಾರಿಸುತ್ತದೆ. ಐನ್ಯಾಚುರಲಿಸ್ಟ್‌ನಲ್ಲಿ ಬೇರೆಯವರೂ ನೋಡಿ ಹೆಸರು ಸೂಚಿಸುತ್ತಾರೆ. ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದವನ್ನು ಒಪ್ಪಿದರೆ ದಾಖಲೆಗೆ ಸಂಶೋಧನಾ ದರ್ಜೆ ಸಿಗುತ್ತದೆ. ನೆಟ್ಟು ಬೆಳೆಸಿದ ಮರವೆಂದು ಗುರುತಿಸಿದ ದಾಖಲೆಗಳಿಗೆ ಸಾಮಾನ್ಯವಾಗಿ ಈ ದರ್ಜೆ ಸಿಗುವುದಿಲ್ಲ, ಹಾಗಾಗಿ ಅಲ್ಲಿ ತಜ್ಞರ ಕಣ್ಣು ಬೀಳುವುದೂ ಕಡಿಮೆ.

ಆ್ಯಪ್ ಕೊಟ್ಟ ಮೊದಲ ಹೆಸರನ್ನು ಉತ್ತರವೆಂದು ತೆಗೆದುಕೊಳ್ಳಬೇಡಿ. ಮೊದಲ ಐದು ಹೆಸರುಗಳನ್ನು ಬರೆದುಕೊಂಡು, ಪ್ರತಿಯೊಂದರ ಸಸ್ಯಶಾಸ್ತ್ರೀಯ ವಿವರಣೆ ತೆಗೆದು ನಿಮ್ಮ ಟಿಪ್ಪಣಿಯ ಜೊತೆ ಹೋಲಿಸಿ. ಹೊಂದುವ ಗುರುತುಗಳನ್ನು ಎಣಿಸುವುದಕ್ಕಿಂತ, ಹೊಂದದ ಒಂದೇ ಒಂದು ಗುರುತನ್ನು ಹುಡುಕಿ. ವಿವರಣೆಯಲ್ಲಿ "ಎಲೆ ಪರ್ಯಾಯ" ಎಂದಿದ್ದು ನಿಮ್ಮ ಮರದಲ್ಲಿ ಎದುರುಬದುರಾಗಿದ್ದರೆ ಆ ಹೆಸರು ಅಲ್ಲಿಗೆ ಬಿತ್ತು. ಹಣ್ಣು ಎಷ್ಟೇ ಹೋಲಲಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ "ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್" ತಾಣದಲ್ಲಿ ಈಗ ಚಾಲ್ತಿಯಲ್ಲಿರುವ ಹೆಸರು, ಹಳೆಯ ಹೆಸರುಗಳು, ಆ ಸಸ್ಯ ಎಲ್ಲೆಲ್ಲಿ ಬೆಳೆಯುತ್ತದೆ ಎಂಬುದು ಮೂರೂ ಸಿಗುತ್ತವೆ. ಹಳೆಯ ಹೆಸರುಗಳಲ್ಲೂ ಹುಡುಕಿ: ಹಳದಿ ಕಣಗಿಲೆಯ ವಿಷದ ಬಗೆಗಿನ ಬರಹಗಳಲ್ಲಿ ಹಲವು ಥೆವೆಟಿಯಾ ಪೆರುವಿಯಾನಾ ಎಂಬ ಹೆಸರಲ್ಲಿವೆ, ಈಗಿನ ಹೆಸರು ಕ್ಯಾಸ್ಕಬೆಲಾ ಥೆವೆಟಿಯಾ.

ಅನುಮಾನ ಉಳಿದರೆ ಮಾದರಿ ಒಣಗಿಸಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೋ ಒಣ ಸಸ್ಯಮಾದರಿಗಳನ್ನು ಸಂಗ್ರಹಿಸಿಡುವ ಸಸ್ಯಾಲಯಕ್ಕೋ (ಹರ್ಬೇರಿಯಂ) ಕೊಡಿ. ಹೂ ಅಥವಾ ಹಣ್ಣಿರುವ ಸುಮಾರು 30 ಸೆಂ.ಮೀ. ರೆಂಬೆಯನ್ನು ದಿನಪತ್ರಿಕೆಯ ಹಾಳೆಗಳ ನಡುವೆ ಹರಡಿ, ಒಂದು ಎಲೆಯನ್ನಾದರೂ ಅಡಿಮೈ ಕಾಣುವಂತೆ ತಿರುಗಿಸಿ, ಮೇಲೆ ಭಾರ ಇಡಿ. ಮೊದಲ ಕೆಲವು ದಿನ ಹಾಳೆಗಳನ್ನು ದಿನವೂ ಬದಲಿಸಬೇಕು. ಬದಲಿಸದಿದ್ದರೆ ಎಲೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ದಪ್ಪ ಹಣ್ಣನ್ನು ಹೋಳು ಮಾಡಿ ಬೇರೆಯಾಗಿ ಒಣಗಿಸಿ, ಎರಡಕ್ಕೂ ಒಂದೇ ಸಂಖ್ಯೆಯ ಚೀಟಿ ಕಟ್ಟಿ.

ಹಂತ 7: ಹೆಸರು ಸಿಕ್ಕಿತು, ತಿನ್ನಬಹುದೇ?

ಕುಟುಂಬದ ಮಟ್ಟದಲ್ಲಿ ನಿಂತರೆ ಸಾಲದು. ಲಿಚ್ಚಿ, ರಂಬುಟಾನ್, ಅಂಟುವಾಳ, ಅಕೀ ಎಂಬ ವಿದೇಶಿ ಹಣ್ಣು ನಾಲ್ಕೂ ಒಂದೇ ಕುಟುಂಬ. ಪ್ರಭೇದದ ಹೆಸರು ಬೇಕು, ಆ ಹೆಸರಿನಡಿ ಮೂರು ವಿಷಯ ತಿಳಿಯಬೇಕು: ಯಾವ ಭಾಗ, ಯಾವ ಹದ, ಹೇಗೆ ಸಿದ್ಧಮಾಡಿದ್ದು. "ಖಾದ್ಯ" ಎಂಬ ಒಂದೇ ಪದ ಬರೆದು ಮುಗಿಸಿದ ಮೂಲವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದನ್ನೊಂದು ನಕಲು ಮಾಡದ ಎರಡು ಮೂಲಗಳು ಈ ಮೂರರಲ್ಲೂ ಒಂದೇ ಮಾತು ಹೇಳಬೇಕು.

ಹದ ಎಷ್ಟು ಮುಖ್ಯ ಎಂಬುದಕ್ಕೆ ಅಕೀಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಹಣ್ಣು ಮರದಲ್ಲೇ ತಾನಾಗಿ ಬಾಯ್ದೆರೆದ ಮೇಲೆ, ಕಪ್ಪು ಬೀಜಕ್ಕಂಟಿದ ಕೆನೆಬಣ್ಣದ ತಿರುಳು ಮಾತ್ರ ಆಹಾರ. ಬಲವಂತವಾಗಿ ತೆರೆದ ಕಾಯಿಯಲ್ಲಿ ಹೈಪೊಗ್ಲೈಸಿನ್ ಎಂಬ ವಿಷ ಹೆಚ್ಚಿದ್ದು, ವಾಂತಿಯ ಜೊತೆ ರಕ್ತದ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬೀಜವಂತೂ ಯಾವ ಹದದಲ್ಲೂ ಸಲ್ಲದು. ಚೆರ್ರಿ, ಪೀಚ್, ಏಪ್ರಿಕಾಟ್‌ಗಳ ತಿರುಳು ನಿರಪಾಯ, ಓಟೆಯೊಳಗಿನ ಬೀಜ ಜಗಿದರೆ ಸಯನೈಡ್ ಬಿಡುಗಡೆಯಾಗುತ್ತದೆ. ಹೀಗಾಗಿ, ಮೂಲಗಳು ಸ್ಪಷ್ಟವಾಗಿ ಬೇರೆ ಹೇಳದ ಹೊರತು ಹೊಸ ಹಣ್ಣಿನ ಬೀಜವನ್ನು ಉಗುಳುವುದೇ ಸರಿ.

ಎಲ್ಲವೂ ಹೊಂದಿದ ಮೇಲೂ ಆ ನಿರ್ದಿಷ್ಟ ಮರವನ್ನು ನೋಡಬೇಕು. ಕೀಟನಾಶಕ ಸಿಂಪಡಿಸುವ ಜಾಗದ್ದು, ಕೈಗಾರಿಕೆಯ ತ್ಯಾಜ್ಯ ಸುರಿದ ನೆಲದ್ದು ಬೇಡ. ಹಕ್ಕಿ, ಬಾವಲಿ ಕಚ್ಚಿದ ಹಣ್ಣನ್ನು ಆ ಭಾಗ ಕತ್ತರಿಸಿ ತಿನ್ನುವುದೂ ಬೇಡ. ನಿಪಾ ವೈರಸ್ ಹರಡುವ ದಾರಿಗಳಲ್ಲಿ ಇದೂ ಒಂದು.

ಮೊದಲ ಸಲ ತೊಳೆದು, ಸಿಪ್ಪೆ ಸುಲಿದ, ಪೂರ್ತಿ ಮಾಗಿದ ಒಂದೇ ಹಣ್ಣಿನ ಒಂದು ತುಣುಕು ಸಾಕು. ಮರುದಿನದವರೆಗೆ ಬೇರೆ ಹೊಸ ಆಹಾರ ಸೇರಿಸಬೇಡಿ. ಇದು ವಿಷಪರೀಕ್ಷೆಯಲ್ಲ, ಅಲರ್ಜಿ ಗೊತ್ತಾಗಲೆಂದು. ಮಕ್ಕಳು ಮತ್ತು ಗರ್ಭಿಣಿಯರನ್ನು ಈ ಪ್ರಯೋಗದಿಂದ ಹೊರಗಿಡಿ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಎಲ್ಲರೂ ತಿನ್ನುವ ಹಣ್ಣೂ ಆಗದಿರಬಹುದು: ಸ್ಟಾರ್ ಫ್ರೂಟ್ ಎಂದೂ ಕರೆಯುವ ಧಾರೆಹುಳಿಯಿಂದ ಅಂಥವರಲ್ಲಿ ಬಿಡದ ಬಿಕ್ಕಳಿಕೆ, ಮತಿಭ್ರಮಣೆ, ಸೆಳವು ಕಾಣಿಸಿಕೊಳ್ಳುತ್ತವೆ.

ಯಾರಾದರೂ ಆಗಲೇ ತಿಂದಿದ್ದರೆ

ಬಾಯಲ್ಲಿ ಉಳಿದದ್ದನ್ನು ಉಗುಳಿಸಿ, ನೀರಿನಿಂದ ಮುಕ್ಕಳಿಸಲು ಹೇಳಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಸುಡುವ ಸೊನೆಯಾದರೆ ಗಂಟಲು ಎರಡು ಸಲ ಸುಡುತ್ತದೆ, ಎಚ್ಚರ ತಪ್ಪುತ್ತಿದ್ದರೆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಸೊನೆ ಚರ್ಮಕ್ಕೆ ತಾಗಿದ್ದರೆ ಸೋಪು ನೀರು, ಕಣ್ಣಿಗೆ ಸಿಡಿದಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ.

ಲಕ್ಷಣ ಕಾಣಲಿ ಎಂದು ಕಾಯಬೇಡಿ. ಹಳದಿ ಕಣಗಿಲೆ, ಸೆರ್ಬೆರಾಗಳಲ್ಲಿ ಮೊದಲು ಬರೀ ವಾಂತಿ ಬಂದು, ಹೃದಯದ ಬಡಿತ ತಪ್ಪುವುದು ಆಮೇಲೆ ಶುರುವಾಗಬಹುದು. ವಿಷ ಮಾಹಿತಿ ಕೇಂದ್ರಕ್ಕೆ ಕರೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ. ಜೊತೆಗೆ ಒಯ್ಯಬೇಕಾದ್ದು: ತಿಂದು ಉಳಿದ ಹಣ್ಣು, ಬೀಜ, ಎಲೆಗಳಿರುವ ಒಂದು ರೆಂಬೆ, ವಾಂತಿಯಾಗಿದ್ದರೆ ಅದರಲ್ಲಿ ಬಂದ ತುಣುಕು, ಮತ್ತು ಒಂದು ಚೀಟಿಯಲ್ಲಿ ತಿಂದ ಹೊತ್ತು, ಎಷ್ಟು ಹಣ್ಣು, ಬೀಜ ಜಗಿದದ್ದೋ ಇಡಿಯಾಗಿ ನುಂಗಿದ್ದೋ ಎಂಬ ವಿವರ. ಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಬೇಗ ಕೊಳೆತು ಗುರುತು ಸಿಗದಂತಾಗುತ್ತದೆ; ಕಾಗದದಲ್ಲಿ ಸುತ್ತಿ.